ಕೈಜಾರಿದ ಪಿಸ್ತೂಲು: ಸುರಕ್ಷತೆಯನ್ನು ಅಳೆಯುವುದು ಹೇಗೆ?

ಪ್ರೆಷರ್ ಕುಕ್ಕರಿನ ಮುಚ್ಚಳವನ್ನು ಒಮ್ಮೆ ಗಮನವಿಟ್ಟು ನೋಡಿ. ಮಧ್ಯದಲ್ಲಿ ತೂಕದ ಸೀಟಿ ಇದೆ. ಒಳಗಿನ ಒತ್ತಡ ಮಿತಿ ಮೀರಿದಾಗ ಅದು ಮೇಲಕ್ಕೆದ್ದು ಹಬೆಯನ್ನು ಹೊರಬಿಡುತ್ತದೆ. ಸೀಟಿಯ ರಂಧ್ರಕ್ಕೆ ಅನ್ನದ ಅಗುಳು ಸಿಕ್ಕಿಕೊಂಡರೆ? ಅದಕ್ಕಾಗಿಯೇ ಪಕ್ಕದಲ್ಲಿ ಇನ್ನೊಂದು ಸಣ್ಣ ಸುರಕ್ಷಾ ಕವಾಟವಿದೆ. ಅದರಲ್ಲಿರುವ ಮಿಶ್ರಲೋಹ ಉಷ್ಣತೆ ಹೆಚ್ಚಾದಾಗ ಕರಗಿ ಹಬೆಗೆ ದಾರಿ ಮಾಡಿಕೊಡುತ್ತದೆ. ಒಂದು ಒತ್ತಡಕ್ಕೆ ಸ್ಪಂದಿಸಿದರೆ ಮತ್ತೊಂದು ಉಷ್ಣತೆಗೆ ಸ್ಪಂದಿಸುತ್ತದೆ. ಎರಡರ ದಾರಿಗಳೂ ಬೇರೆ. ಆದ್ದರಿಂದ ಒಂದು ಸೋತರೂ ಇನ್ನೊಂದು ಕಾಯುತ್ತದೆ.

ಈ ಎರಡು ಕವಾಟಗಳೂ ಒಂದೇ ರಂಧ್ರದ ಮೇಲೆ ಕುಳಿತಿದ್ದವೆಂದು ಭಾವಿಸಿ. ಎಣಿಸಿದರೆ ಎರಡು ಕಾಣುತ್ತವೆ, ಆದರೆ ಒಂದೇ ಅಗುಳು ಎರಡನ್ನೂ ಕೆಡಿಸುತ್ತದೆ. ಸುರಕ್ಷಾ ಸಾಧನಗಳು ಎಷ್ಟಿವೆ ಎಂಬುದಕ್ಕಿಂತ ಅವು ಒಂದನ್ನೊಂದು ಅವಲಂಬಿಸದೆ ಕೆಲಸ ಮಾಡುತ್ತವೆಯೇ ಎಂಬುದು ಮುಖ್ಯ. ಅಮೆರಿಕದಲ್ಲಿ 2017ರಿಂದ ಒಂದು ಪಿಸ್ತೂಲಿನ ಸುತ್ತ ನಡೆದಿರುವ ದೊಡ್ಡ ವಾದವಿವಾದದ ತಿರುಳಿನಲ್ಲಿ ಇದೇ ಪ್ರಶ್ನೆ ಇದೆ. ಈ ವಿವಾದದಲ್ಲಿ ಜಡತ್ವ, ಶಕ್ತಿ, ಸಂಭವನೀಯತೆ ಮೊದಲಾದ ಪಠ್ಯಪುಸ್ತಕದ ವಿಷಯಗಳು ಜೀವನ್ಮರಣದ ಪ್ರಶ್ನೆಗಳಾಗಿ ನಿಂತಿವೆ. ಹಾಗಾಗಿ ವಿಜ್ಞಾನದ ವಿದ್ಯಾರ್ಥಿಗಳೂ ಶಿಕ್ಷಕರೂ ಇದನ್ನು ತಿಳಿಯಬೇಕು.

ಎರಡು ತದ್ವಿರುದ್ಧ ಬೇಡಿಕೆಗಳು

ಸಿಗ್ ಸೌವರ್ ಕಂಪನಿ ಪಿ320 ಎಂಬ ಪಿಸ್ತೂಲನ್ನು 2014ರಲ್ಲಿ ಮಾರುಕಟ್ಟೆಗೆ ತಂದಿತು. 1985ರಿಂದ ಬಳಕೆಯಲ್ಲಿದ್ದ ಬೆರೆಟ್ಟಾ ಎಂ9 ಪಿಸ್ತೂಲಿನ ಬದಲಿಗೆ ಹೊಸದೊಂದನ್ನು ಹುಡುಕುತ್ತಿದ್ದ ಅಮೆರಿಕದ ಭೂಸೇನೆ ಜನವರಿ 2017ರಲ್ಲಿ ಇದರ ರೂಪಾಂತರವನ್ನು ಆರಿಸಿಕೊಂಡಿತು. ದೊಡ್ಡದಕ್ಕೆ ಎಂ17, ಚಿಕ್ಕದಕ್ಕೆ ಎಂ18 ಎಂದು ಹೆಸರಾಯಿತು. ಗುತ್ತಿಗೆಯ ಗರಿಷ್ಠ ಮೊತ್ತ 58 ಕೋಟಿ ಡಾಲರ್.

ಪಿಸ್ತೂಲಿನ ವಿನ್ಯಾಸಕಾರನ ಮುಂದೆ ಎರಡು ಬೇಡಿಕೆಗಳಿರುತ್ತವೆ. ಹಾರಿಸಬೇಕೆಂದಾಗ ಗುಂಡು ಹಾರಲೇಬೇಕು, ಇದು ವಿಶ್ವಾಸಾರ್ಹತೆ. ಹಾರಿಸಬೇಕೆಂದು ಬಯಸದಿದ್ದಾಗ ಹಾರಲೇಬಾರದು, ಇದು ಸುರಕ್ಷತೆ. ಒಂದನ್ನು ಹೆಚ್ಚಿಸಲು ಹೊರಟರೆ ಇನ್ನೊಂದು ಕುಗ್ಗುವ ಸಾಧ್ಯತೆಯಿದೆ. ಹತ್ತು ಬೀಗ ಹಾಕಿದ ಮನೆಗೆ ಕಳ್ಳ ನುಗ್ಗುವುದು ಕಷ್ಟ. ಆದರೆ ಬೆಂಕಿ ಬಿದ್ದಾಗ ಮನೆಯವರು ಹೊರಬರುವುದೂ ಕಷ್ಟ. ಎಷ್ಟು ಬೀಗ, ಎಲ್ಲಿ, ಯಾವ ಬಗೆಯದು ಎಂಬ ತೀರ್ಮಾನವೇ ವಿನ್ಯಾಸ.

ಒಳಗಿನ ರಚನೆ

ಕಾಡತೂಸಿನ ಹಿಂಭಾಗದಲ್ಲಿ ಪ್ರೈಮರ್ ಎಂಬ ಸಣ್ಣ ಬಟ್ಟಲಿನಲ್ಲಿ ಪೆಟ್ಟಿಗೆ ಸಿಡಿಯುವ ರಾಸಾಯನಿಕವಿರುತ್ತದೆ. ಅದಕ್ಕೆ ಮೊನೆಯೊಂದು ಬಡಿದರೆ ಕಿಡಿ ಹುಟ್ಟಿ, ಒಳಗಿನ ಮದ್ದು ಉರಿದು, ಬಿಸಿ ಅನಿಲದ ಒತ್ತಡಕ್ಕೆ ಗುಂಡು ನಳಿಗೆಯಿಂದ ಹೊರಕ್ಕೆ ಚಿಮ್ಮುತ್ತದೆ. ಪಿ320ರಲ್ಲಿ ಹೀಗೆ ಬಡಿಯುವ ಭಾಗಕ್ಕೆ ಸ್ಟ್ರೈಕರ್ ಎಂದು ಹೆಸರು. ಇದು ಸ್ಪ್ರಿಂಗಿನ ಬಲದಿಂದ ಮುನ್ನುಗ್ಗುವ ಒಂದು ಕಡ್ಡಿ. ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟಾಗ ಸ್ಪ್ರಿಂಗು ಬಿಗಿಯಾಗುತ್ತದೆ. ಸಿಯರ್ ಎಂಬ ಕೊಕ್ಕೆ ಸ್ಟ್ರೈಕರನ್ನು ಹಿಡಿದು ನಿಲ್ಲಿಸುತ್ತದೆ. ಇಲಿಬೋನಿನ ಸ್ಪ್ರಿಂಗನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿದಂತೆ ಪ್ರಚ್ಛನ್ನ ಶಕ್ತಿ ಅಲ್ಲಿ ಕಾಯುತ್ತಾ ಕುಳಿತಿರುತ್ತದೆ.

ಕೊಕ್ಕೆ ತಾನಾಗಿ ಜಾರಿದರೆ ಏನು ಗತಿ? ಅದಕ್ಕಾಗಿ ಎರಡನೆಯ ತಡೆಯೊಂದಿದೆ. ಸ್ಟ್ರೈಕರಿನ ದಾರಿಗೆ ಅಡ್ಡ ನಿಲ್ಲುವ ಇದನ್ನು ಸ್ಟ್ರೈಕರ್ ಲಾಕ್ ಎನ್ನೋಣ. ಟ್ರಿಗರನ್ನು ಎಳೆದಾಗ ಅದಕ್ಕೆ ಜೋಡಿಸಿದ ಪಟ್ಟಿ ಮೊದಲು ಈ ಲಾಕನ್ನು ಸರಿಸಿ, ಬಳಿಕ ಸಿಯರನ್ನು ಬಿಡಿಸುತ್ತದೆ. ಅಂದರೆ ಸಿಯರ್ ತಾನಾಗಿ ಜಾರಿದರೂ ಟ್ರಿಗರ್ ಅಲುಗದಿದ್ದರೆ ಲಾಕ್ ಕಾಯುತ್ತದೆ. ಇದು ಒಳ್ಳೆಯ ಏರ್ಪಾಡು.

ಆದರೆ ಇಲ್ಲಿ ಒಂದು ಮಾತನ್ನು ಗುರುತಿಸಿಕೊಳ್ಳಿ. ಎರಡೂ ತಡೆಗಳ ಕೀಲಿ ಒಂದೇ. ಅದು ಟ್ರಿಗರಿನ ಚಲನೆ. ಬೆರಳಿಲ್ಲದೆಯೇ ಟ್ರಿಗರ್ ಹಿಂದಕ್ಕೆ ಚಲಿಸಿದರೆ ಎರಡೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಬೆರಳಿಲ್ಲದೆ ಟ್ರಿಗರ್ ಚಲಿಸುವುದಾದರೂ ಹೇಗೆ?

ಬಸ್ಸಿನ ಬ್ರೇಕು, ಪಿಸ್ತೂಲಿನ ಟ್ರಿಗರ್

ಓಡುತ್ತಿರುವ ಬಸ್ಸು ಗಕ್ಕನೆ ನಿಂತಾಗ ನಿಂತಿರುವ ಪ್ರಯಾಣಿಕರು ಮುಂದಕ್ಕೆ ವಾಲುತ್ತಾರೆ. ಅವರನ್ನು ಯಾರೂ ತಳ್ಳಿಲ್ಲ. ಬಸ್ಸು ನಿಂತಿದೆ, ಅವರ ದೇಹ ಚಲನೆಯನ್ನು ಮುಂದುವರಿಸಿದೆ. ನ್ಯೂಟನ್ನನ ಮೊದಲ ನಿಯಮವನ್ನು ಕಲಿಸುವಾಗ ನೀವು ಕೊಡುವ ಉದಾಹರಣೆಯೇ ಇದು.

ಪಿಸ್ತೂಲು ಕೈಜಾರಿ, ಹಿಂತುದಿ ಕೆಳಗಾಗಿ ಬೀಳುತ್ತಿದೆ ಎಂದುಕೊಳ್ಳಿ. ಆಗ ಪಿಸ್ತೂಲಿನ ಹಿಂದಿನ ದಿಕ್ಕೇ ಅದರ ಚಲನೆಯ ದಿಕ್ಕು. ಹಿಂತುದಿ ನೆಲಕ್ಕೆ ತಾಗಿ ದೇಹ ಗಕ್ಕನೆ ನಿಲ್ಲುತ್ತದೆ. ಕೀಲಿನ ಮೇಲೆ ತಿರುಗಬಲ್ಲ ಟ್ರಿಗರ್ ಮಾತ್ರ ಅದೇ ದಿಕ್ಕಿನಲ್ಲಿ ಚಲಿಸಲು ಯತ್ನಿಸುತ್ತದೆ. ಬೆರಳು ಅದನ್ನು ಎಳೆಯುವ ದಿಕ್ಕೂ ಅದೇ!

ಒಂದು ಸರಳ ಲೆಕ್ಕ ಮಾಡೋಣ. ಅಮೆರಿಕದ ಬಂದೂಕು ಉದ್ಯಮದ ಮಾನಕದಲ್ಲಿ ಬೀಳಿಸುವ ಎತ್ತರ 4 ಅಡಿ, ಎಂದರೆ 1.22 ಮೀಟರ್. ನೆಲ ಮುಟ್ಟುವಾಗಿನ ವೇಗ = √(2 × 9.8 × 1.22), ಅಂದರೆ ಸೆಕೆಂಡಿಗೆ ಸುಮಾರು 4.9 ಮೀಟರ್. ಟ್ರಿಗರ್ ಮತ್ತು ಅದರೊಡನೆ ಚಲಿಸುವ ಭಾಗಗಳ ರಾಶಿ 10 ಗ್ರಾಂ ಎಂದು ಭಾವಿಸಿದರೆ, ಅವುಗಳ ಚಲನ ಶಕ್ತಿ ½ × 0.010 × 4.9 × 4.9, ಅಂದರೆ ಸುಮಾರು 0.12 ಜೂಲ್. ಟ್ರಿಗರನ್ನು ಪೂರ್ತಿ ಎಳೆಯಲು ಸರಾಸರಿ 15 ನ್ಯೂಟನ್ ಬಲವನ್ನು 6 ಮಿಲಿಮೀಟರ್ ದೂರ ಪ್ರಯೋಗಿಸಬೇಕಾದರೆ, ಬೇಕಾಗುವ ಕೆಲಸ 15 × 0.006 = 0.09 ಜೂಲ್. ಕೈಯಲ್ಲಿರುವ ಶಕ್ತಿ ಬೇಕಾದುದಕ್ಕಿಂತ ಹೆಚ್ಚು. ಟ್ರಿಗರ್ ಪೂರ್ತಿ ಹಿಂದೆ ಸರಿಯಬಲ್ಲದು.

ಈಗ ಚಲಿಸುವ ರಾಶಿಯನ್ನು ಅರ್ಧಕ್ಕೆ, ಎಂದರೆ 5 ಗ್ರಾಂಗೆ ಇಳಿಸಿ. ಚಲನ ಶಕ್ತಿ 0.06 ಜೂಲ್‌ಗೆ ಇಳಿಯುತ್ತದೆ. ಸ್ಪ್ರಿಂಗು ಕೇಳುವ 0.09 ಜೂಲ್ ಹಾಗೆಯೇ ಉಳಿಯುತ್ತದೆ. ಟ್ರಿಗರ್ ಅರ್ಧದಾರಿಯಲ್ಲಿ ನಿಲ್ಲುತ್ತದೆ. ಇಲ್ಲಿನ ರಾಶಿ, ಬಲ, ದೂರಗಳು ತತ್ತ್ವವನ್ನು ವಿವರಿಸಲು ಆರಿಸಿಕೊಂಡವು, ಪಿ320ರ ಅಳತೆಗಳಲ್ಲ. ಆದರೆ ಪರಿಹಾರ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಅವು ಸ್ಪಷ್ಟಪಡಿಸುತ್ತವೆ: ಟ್ರಿಗರನ್ನು ಹಗುರಗೊಳಿಸಬೇಕು.

ಇನ್ನೊಂದು ಪರಿಹಾರವೂ ಇದೆ. 1980ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಗ್ಲಾಕ್ 17 ಪಿಸ್ತೂಲಿನಲ್ಲಿ ಟ್ರಿಗರಿನ ಮಧ್ಯೆ ಒಂದು ಸಣ್ಣ ನಾಲಿಗೆಯಿದೆ. ಬೆರಳು ಟ್ರಿಗರಿನ ಮೇಲೆ ಸರಿಯಾಗಿ ಕುಳಿತು ನಾಲಿಗೆಯನ್ನು ಒತ್ತಿದರೆ ಮಾತ್ರ ಟ್ರಿಗರ್ ಚಲಿಸಬಲ್ಲದು. ನಾಲಿಗೆ ಬಹಳ ಹಗುರ. ಬಿದ್ದ ರಭಸಕ್ಕೆ ಅದು ತನ್ನ ಸ್ಪ್ರಿಂಗನ್ನು ಮೀರಿ ಸರಿಯುವುದು ಕಷ್ಟ. ಭಾರವಾದ ಟ್ರಿಗರಿನ ಚಲನೆಗೆ ಹಗುರವಾದ ಬೇರೊಂದು ತಡೆ ಇಟ್ಟಂತಾಯಿತು. ಪಿ320ರ ವಿನ್ಯಾಸಕಾರರು ಈ ನಾಲಿಗೆಯನ್ನು ಅಳವಡಿಸಲಿಲ್ಲ.

ಪರೀಕ್ಷೆ ಕೇಳದ ಪ್ರಶ್ನೆ

ಆಗಸ್ಟ್ 2017ರಲ್ಲಿ ಅಮೆರಿಕದ ಬಂದೂಕು ವ್ಯಾಪಾರಿ ಸಂಸ್ಥೆಯೊಂದು ತಾನು ನಡೆಸಿದ ಪ್ರಯೋಗದ ಚಿತ್ರಣವನ್ನು ಪ್ರಕಟಿಸಿತು. ಸ್ಲೈಡಿನ ಹಿಂತುದಿ ಸುಮಾರು 30 ಡಿಗ್ರಿ ಓರೆಯಾಗಿ ನೆಲಕ್ಕೆ ಬಡಿಯುವಂತೆ ಬೀಳಿಸಿದಾಗ ಪಿ320 ಸಿಡಿಯುತ್ತಿತ್ತು. ಡಲ್ಲಾಸ್ ನಗರದ ಪೊಲೀಸ್ ಇಲಾಖೆ ಈ ಪಿಸ್ತೂಲಿನ ಬಳಕೆಯನ್ನು ತಡೆಹಿಡಿಯಿತು. ಪಿ320 ಅಮೆರಿಕದ ಸುರಕ್ಷತಾ ಮಾನಕಗಳನ್ನು ಪೂರೈಸುತ್ತದೆ, ಆದರೆ ಆ ಮಾನಕಗಳನ್ನು ಮೀರಿ ಕೆಲವು ಕೋನಗಳಲ್ಲಿ ಮತ್ತು ಸಂದರ್ಭಗಳಲ್ಲಿ ಬಿದ್ದರೆ ಸಿಡಿಯುವ ಸಾಧ್ಯತೆಯಿದೆ ಎಂದು ಕಂಪನಿ ಹೇಳಿತು. ಹಗುರವಾದ ಟ್ರಿಗರ್, ಸಿಯರ್ ಮತ್ತು ಸ್ಟ್ರೈಕರ್‌ಗಳನ್ನು, ಜೊತೆಗೆ ಸ್ಲೈಡ್ ಪೂರ್ತಿ ಮುಚ್ಚದಿದ್ದಾಗ ಟ್ರಿಗರಿನ ಚಲನೆ ಸಿಯರನ್ನು ತಲುಪದಂತೆ ಮಾಡುವ ಹೆಚ್ಚುವರಿ ಭಾಗವನ್ನು ಉಚಿತವಾಗಿ ಅಳವಡಿಸಿಕೊಡುವುದಾಗಿ ಪ್ರಕಟಿಸಿತು.

ಕಂಪನಿಯ ಮಾತಿನಲ್ಲಿ ಸುಳ್ಳಿಲ್ಲ ಎಂಬುದೇ ಇಲ್ಲಿನ ಪಾಠ. ಮಾನಕ ಪರೀಕ್ಷೆಯಲ್ಲಿ ಕಾಂಕ್ರೀಟಿನ ಮೇಲೆ ಹಾಸಿದ ರಬ್ಬರ್ ಹಾಳೆಯ ಮೇಲೆ ಪಿಸ್ತೂಲನ್ನು ನಳಿಗೆ ಕೆಳಮುಖವಾಗಿ, ಮೇಲ್ಮುಖವಾಗಿ, ಎಡ ಬಲ ಮಗ್ಗುಲಾಗಿ, ಹೀಗೆ ನಿಗದಿತ ಭಂಗಿಗಳಲ್ಲಿ ಬೀಳಿಸುತ್ತಾರೆ. ಈ ಭಂಗಿಗಳಲ್ಲಿ ಪಿಸ್ತೂಲು ಗೆದ್ದಿತ್ತು. ಆದರೆ ಕೈಜಾರಿದ ವಸ್ತು ಮಾನಕವನ್ನು ಓದಿಕೊಂಡು ಬೀಳುವುದಿಲ್ಲ. ಕೋನ ಬದಲಾದರೆ ಆಘಾತ ಯಾವ ಭಾಗಕ್ಕೆ, ಯಾವ ದಿಕ್ಕಿನಲ್ಲಿ ತಾಗುತ್ತದೆ ಎಂಬುದೂ ಬದಲಾಗುತ್ತದೆ. ಗಣಿತದ ಪರೀಕ್ಷೆಯಲ್ಲಿ ಬಂದ ಆರು ಪ್ರಶ್ನೆಗಳಿಗೂ ಸರಿಯುತ್ತರ ಬರೆದ ವಿದ್ಯಾರ್ಥಿಗೆ ಏಳನೆಯ ಪ್ರಶ್ನೆ ಗೊತ್ತಿರಲೇಬೇಕೆಂದಿಲ್ಲ.

ಸೇನೆಯ ಪರೀಕ್ಷೆಯಲ್ಲಿಯೂ ಈ ದೋಷ ಕಾಣಿಸಿಕೊಂಡಿತ್ತು. ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ನಿರ್ದೇಶನಾಲಯವು ಜನವರಿ 2018ರಲ್ಲಿ ಹೊರತಂದ ವರದಿಯಲ್ಲಿ ಈ ಮಾತಿದೆ. ಮದ್ದು ಗುಂಡುಗಳಿಲ್ಲದೆ ಪ್ರೈಮರ್ ಮಾತ್ರವಿದ್ದ ಕಾಡತೂಸನ್ನು ಇಟ್ಟು ಬೀಳಿಸಿದಾಗ ಸ್ಟ್ರೈಕರ್ ಬಡಿದು ಪ್ರೈಮರ್ ಸಿಡಿಯಿತು. ಟ್ರಿಗರ್ ಜೋಡಣೆಯಲ್ಲಿ ಹಗುರ ಭಾಗಗಳನ್ನು ಬಳಸಿ ಕಂಪನಿ ಈ ದೋಷವನ್ನು ಸರಿಪಡಿಸಿತು. ಇದಲ್ಲದೆ ಎಂ17 ಮತ್ತು ಎಂ18ರಲ್ಲಿ ಹೆಬ್ಬೆರಳಿನಿಂದ ಸರಿಸುವ ಹೊರಗಿನ ಸುರಕ್ಷಾ ಸನ್ನೆಯೂ ಇದೆ.

ವಿಫಲತೆ ಎಂದರೆ ಯಾವುದು?

ಅದೇ ವರದಿ ವಿಶ್ವಾಸಾರ್ಹತೆಯ ಬಗೆಗೂ ಕುತೂಹಲಕರ ಅಂಕಿಗಳನ್ನು ಕೊಡುತ್ತದೆ. ಎರಡು ಅಡಚಣೆಗಳ ನಡುವೆ ಸರಾಸರಿ ಎಷ್ಟು ಗುಂಡು ಹಾರುತ್ತದೆ ಎಂಬುದು ಇಲ್ಲಿನ ಅಳತೆಗೋಲು. ಸೇನೆ ಬಯಸಿದ್ದು 2,000. ಪೂರ್ಣ ಲೋಹಕವಚದ ಸಾಮಾನ್ಯ ಗುಂಡುಗಳೊಡನೆ ಎಂ17ಕ್ಕೆ ಸಿಕ್ಕಿದ್ದು 343, ಎಂ18ಕ್ಕೆ 197. ಟೊಳ್ಳುತುದಿಯ ವಿಶೇಷ ಗುಂಡುಗಳೊಡನೆ ಕ್ರಮವಾಗಿ 708 ಮತ್ತು 950. ಒಂದೇ ಯಂತ್ರ, ಕಾಡತೂಸು ಬೇರೆಯಾದಾಗ ನಡವಳಿಕೆಯೂ ಬೇರೆ.

ಈ ಸರಾಸರಿಗಳ ಅರ್ಥವೇನು? ಅಡಚಣೆಗಳು ಯಾದೃಚ್ಛಿಕವಾಗಿ ಬರುತ್ತವೆಂದು ಭಾವಿಸಿದರೆ, 100 ಗುಂಡುಗಳನ್ನು ಅಡಚಣೆಯಿಲ್ಲದೆ ಹಾರಿಸುವ ಸಂಭವನೀಯತೆಯನ್ನು ಘಾತೀಯ ಸೂತ್ರದಿಂದ ಪಡೆಯಬಹುದು. 100ನ್ನು ಸರಾಸರಿಯಿಂದ ಭಾಗಿಸಿ, ಬಂದ ಸಂಖ್ಯೆಗೆ ಋಣಚಿಹ್ನೆ ಹಾಕಿ, ಅದನ್ನು 2.718ರ ಘಾತಾಂಕವಾಗಿಸಿ. ಸರಾಸರಿ 2,000 ಇದ್ದರೆ ಉತ್ತರ ಶೇ. 95; 343 ಇದ್ದರೆ ಶೇ. 75, 197 ಇದ್ದರೆ ಶೇ. 60. ನಿಮ್ಮ ವಿದ್ಯಾರ್ಥಿಗಳು ವೈಜ್ಞಾನಿಕ ಕ್ಯಾಲ್ಕುಲೇಟರಿನಲ್ಲಿ ಇದನ್ನು ನಿಮಿಷದೊಳಗೆ ತಾಳೆ ನೋಡಬಲ್ಲರು.

ಇಷ್ಟಕ್ಕೇ ತೀರ್ಮಾನಿಸಿಬಿಡಬೇಡಿ. ಎಂ17ರಲ್ಲಿ ದಾಖಲಾದ 83 ಅಡಚಣೆಗಳಲ್ಲಿ 50, ಎಂ18ರ 120ರಲ್ಲಿ 75 ಒಂದೇ ಬಗೆಯವು. ಮ್ಯಾಗಜೀನಿನ ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡ್ ಹಿಂದೆಯೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಪಿಸ್ತೂಲು ಹಿಡಿದವರ ಹೆಬ್ಬೆರಳು ಸ್ಲೈಡನ್ನು ತಡೆಯುವ ಸನ್ನೆಯ ಮೇಲೆ ಕುಳಿತಿದ್ದೇ ಇದಕ್ಕೆ ಕಾರಣವೆಂದು ಸೇನೆ ಮತ್ತು ಕಂಪನಿ ಭಾವಿಸಿದವು. ಸ್ಲೈಡ್ ಹಾಗೆ ನಿಲ್ಲುವುದು ಮ್ಯಾಗಜೀನ್ ಖಾಲಿಯಾಯಿತೆಂದು ಸೈನಿಕನಿಗೆ ತಿಳಿಸಲಿಕ್ಕೆ. ಗುಂಡು ಹಾರಲು ಅದು ಬೇಕಿಲ್ಲ. ಇವನ್ನು ಬಿಟ್ಟು ಎಣಿಸಿದರೆ 343 ಇದ್ದದ್ದು 861ಕ್ಕೂ, 197 ಇದ್ದದ್ದು 525ಕ್ಕೂ ಏರುತ್ತದೆ. ಒಂದು ಗುಂಡೂ ಹೊಸದಾಗಿ ಹಾರಲಿಲ್ಲ, ‘ಅಡಚಣೆ’ ಎಂಬ ಪದದ ವ್ಯಾಖ್ಯೆ ಮಾತ್ರ ಬದಲಾಯಿತು. ವಿಶ್ವಾಸಾರ್ಹತೆಯ ಅಂಕಿ ನಿಮ್ಮ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಯಾವುದನ್ನು ವಿಫಲತೆ ಎಂದು ಎಣಿಸಿದ್ದಾರೆ? ಎಣಿಸದೆ ಬಿಟ್ಟದ್ದು ಯಾವುದು?

ಬೀಳದೆಯೂ ಸಿಡಿಯಿತೇ?

ಬಿದ್ದಾಗ ಸಿಡಿಯುವ ದೋಷವನ್ನು ಪ್ರಯೋಗದಿಂದ ಮತ್ತೆ ಮತ್ತೆ ತೋರಿಸಬಹುದಿತ್ತು. ಹಾಗಾಗಿ ಅದಕ್ಕೆ ಪರಿಹಾರವೂ ಸಿಕ್ಕಿತು. ನಂತರ ಎದ್ದ ವಾದ ಹೆಚ್ಚು ಜಟಿಲವಾದದ್ದು. ಪಿಸ್ತೂಲು ಬೀಳಲಿಲ್ಲ, ಟ್ರಿಗರನ್ನು ತಾವು ಮುಟ್ಟಲಿಲ್ಲ, ಸೊಂಟದ ಹೋಲ್‌ಸ್ಟರಿನಲ್ಲಿದ್ದಾಗಲೇ ಅಥವಾ ಹೊರತೆಗೆಯುವಾಗಲೇ ಅದು ಸಿಡಿಯಿತು ಎಂದು ಹಲವರು, ಅವರಲ್ಲಿ ಪೊಲೀಸರೂ ಸೇರಿದ್ದಾರೆ, ನ್ಯಾಯಾಲಯಗಳ ಮೆಟ್ಟಿಲೇರಿದರು. ಟ್ರಿಗರ್ ಎಳೆಯದೆ ಪಿ320 ಸಿಡಿಯುವುದಿಲ್ಲ ಎಂಬುದು ಕಂಪನಿಯ ದೃಢ ನಿಲುವು.

ತೀರ್ಪುಗಳೂ ಒಂದೇ ದಿಕ್ಕಿನಲ್ಲಿಲ್ಲ. 2022ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಡೆದ ಮೊಕದ್ದಮೆಯಲ್ಲಿ ಜ್ಯೂರಿ ಕಂಪನಿಯ ಪರ ನಿಂತಿತು. ಜೂನ್ 2024ರಲ್ಲಿ ಜಾರ್ಜಿಯಾದಲ್ಲಿ, ನವೆಂಬರ್ 2024ರಲ್ಲಿ ಫಿಲಡೆಲ್ಫಿಯಾದಲ್ಲಿ ಜ್ಯೂರಿಗಳು ಗಾಯಗೊಂಡವರ ಪರ ತೀರ್ಪಿತ್ತವು. ಟ್ರಿಗರಿನಲ್ಲಿ ನಾಲಿಗೆಯಂತಹ ತಡೆ ಇದ್ದಿದ್ದರೆ ಈ ಅಪಘಾತ ತಪ್ಪುತ್ತಿತ್ತು ಎಂಬುದು ಇಂತಹ ದಾವೆಗಳ ಒಂದು ಮುಖ್ಯ ವಾದ. ಗಮನಿಸಿ, ಈ ವಾದದ ಪ್ರಕಾರ ಪಿಸ್ತೂಲು ತಾನಾಗಿಯೇ ಸಿಡಿದಿರಬೇಕೆಂದಿಲ್ಲ. ಬಟ್ಟೆಯ ಅಂಚೋ ಬೇರೇನೋ ಟ್ರಿಗರಿಗೆ ತಾಗಿದರೂ ಸಿಡಿಯಬಾರದಂತೆ ವಿನ್ಯಾಸ ಇರಬೇಕಿತ್ತೇ ಎಂಬುದು ಪ್ರಶ್ನೆ. ‘ಯಂತ್ರದ ದೋಷ’, ‘ಮನುಷ್ಯನ ತಪ್ಪು’ ಎಂದು ನಾವು ಎಳೆಯುವ ಗೆರೆ ಇಲ್ಲಿ ಮಸುಕಾಗುತ್ತದೆ. ಮನುಷ್ಯ ತಪ್ಪು ಮಾಡುತ್ತಾನೆ ಎಂಬುದು ಗೊತ್ತಿರುವ ಸಂಗತಿ. ಆ ತಪ್ಪಿಗೆ ಎಷ್ಟು ಅವಕಾಶ ಬಿಡಬೇಕು ಎಂಬುದೂ ವಿನ್ಯಾಸದ ಭಾಗ.

ಇಂತಹ ವಿವಾದ ನ್ಯಾಯಾಲಯಕ್ಕೇ ಹೋಗಲು ಒಂದು ಕಾರಣವಿದೆ. ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಆಯೋಗವನ್ನು 1972ರ ಕಾಯ್ದೆ ಸ್ಥಾಪಿಸಿತು. ಆಟಿಕೆಯಿಂದ ಅಡುಗೆ ಒಲೆಯವರೆಗೆ ದೋಷವುಳ್ಳ ವಸ್ತುಗಳನ್ನು ಹಿಂಪಡೆಯುವಂತೆ ಅದು ಆದೇಶಿಸಬಲ್ಲದು. ಆದರೆ ಬಂದೂಕುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದ್ದಾರೆ.

ಜುಲೈ 2025ರ ಒಂದು ಘಟನೆ ಇನ್ನೊಂದು ಎಚ್ಚರಿಕೆಯನ್ನು ನೀಡಿತು. ವಯೋಮಿಂಗ್ ರಾಜ್ಯದ ವಾಯುನೆಲೆಯೊಂದರಲ್ಲಿ ಎಂ18 ಪಿಸ್ತೂಲಿನ ಗುಂಡಿಗೆ ವಾಯುಸೇನೆಯ ಸಿಬ್ಬಂದಿಯೊಬ್ಬರು ಬಲಿಯಾದರು. ವಾಯುಸೇನೆಯ ಆ ಕಮಾಂಡ್ ಪಿಸ್ತೂಲಿನ ಬಳಕೆಯನ್ನು ನಿಲ್ಲಿಸಿತು. ಪಿಸ್ತೂಲು ತಾನಾಗಿ ಸಿಡಿಯಿತೆಂಬ ಸುದ್ದಿ ಹಬ್ಬಿತು. ಆದರೆ ಮುಂದಿನ ತಿಂಗಳು ಸುಳ್ಳು ಹೇಳಿಕೆ ಮತ್ತು ಸಾವಿಗೆ ಕಾರಣವಾದ ಅನುಮಾನದ ಮೇಲೆ ಇನ್ನೊಬ್ಬ ಸಿಬ್ಬಂದಿಯ ಬಂಧನವಾಯಿತು. ಕಮಾಂಡ್ ತನ್ನ 7,970 ಪಿಸ್ತೂಲುಗಳನ್ನು ಪರಿಶೀಲಿಸಿ ಬಳಕೆಯನ್ನು ಪುನರಾರಂಭಿಸಿತು. ಅದೇ ಪರಿಶೀಲನೆಯಲ್ಲಿ 191 ಪಿಸ್ತೂಲುಗಳಲ್ಲಿ, ಅಂದರೆ ಸುಮಾರು ಶೇ. 2.4ರಲ್ಲಿ, ಭಾಗಗಳ ಸವಕಳಿಯೇ ಮೊದಲಾದ ಕೊರತೆಗಳು ಕಂಡುಬಂದು ದುರಸ್ತಿಗೆ ಹೋದವು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ, ಆದರೆ ಅವಶ್ಯ. ಒಂದು ಪ್ರಕರಣದ ಮೊದಲ ವಿವರಣೆ ತಪ್ಪಾಗಿದ್ದ ಮಾತ್ರಕ್ಕೆ ವಿನ್ಯಾಸ ನಿರ್ದೋಷಿ ಎಂದಾಗುವುದಿಲ್ಲ. ಸವಕಳಿ ಕಂಡ ಮಾತ್ರಕ್ಕೆ ದೂರುಗಳೆಲ್ಲ ನಿಜವೆಂದೂ ಆಗುವುದಿಲ್ಲ.

‘ಒಮ್ಮೆಯೂ ಆಗಲಿಲ್ಲ’ ಎಂದರೆ ಎಷ್ಟು?

“ನೂರು ಬಾರಿ ಪರೀಕ್ಷಿಸಿದೆವು, ಒಮ್ಮೆಯೂ ಸಿಡಿಯಲಿಲ್ಲ” ಎಂದು ಯಾರಾದರೂ ಹೇಳಿದರೆ ಸಿಡಿಯುವ ಸಂಭವನೀಯತೆ ಸೊನ್ನೆ ಎನ್ನಬಹುದೇ? ಒಂದು ಬಾರಿಗೆ ಸಿಡಿಯುವ ಸಂಭವನೀಯತೆಯನ್ನು ‘ಪ’ ಎನ್ನೋಣ. ಒಂದು ಬಾರಿ ಸಿಡಿಯದಿರುವ ಸಂಭವನೀಯತೆ (1 − ಪ). ನೂರು ಬಾರಿಯೂ ಸಿಡಿಯದಿರಬೇಕಾದರೆ (1 − ಪ)ಯನ್ನು ನೂರು ಸಲ ಗುಣಿಸಬೇಕು. ಈ ಗುಣಲಬ್ಧ 0.05ಕ್ಕೆ ಸಮವಾಗಲು ‘ಪ’ ಎಷ್ಟಿರಬೇಕು? ಲಘುಗಣಕದಿಂದ ಬಿಡಿಸಿದರೆ ಸುಮಾರು 3/100 ಎಂದು ಸಿಗುತ್ತದೆ. ಪ್ರಯೋಗಗಳ ಸಂಖ್ಯೆ ದೊಡ್ಡದಿದ್ದಾಗಲೆಲ್ಲ ಉತ್ತರ 3ನ್ನು ಆ ಸಂಖ್ಯೆಯಿಂದ ಭಾಗಿಸಿದಷ್ಟೇ. ಸಂಖ್ಯಾಶಾಸ್ತ್ರಜ್ಞರು ಇದನ್ನು ಮೂರರ ನಿಯಮ ಎನ್ನುತ್ತಾರೆ.

ಎಂದರೆ ನೂರು ಯಶಸ್ವಿ ಪರೀಕ್ಷೆಗಳಿಂದ ಶೇ. 95ರ ಭರವಸೆಯೊಂದಿಗೆ ಹೇಳಬಹುದಾದದ್ದು ಇಷ್ಟೇ: ಅಪಾಯ ಶೇ. 3ಕ್ಕಿಂತ ಕಡಿಮೆ. ಸಾವಿರ ಪರೀಕ್ಷೆಗಳಿಂದ ಶೇ. 0.3ಕ್ಕಿಂತ ಕಡಿಮೆ. ಅದೂ ಪರೀಕ್ಷಿಸಿದ ಕೋನ, ಎತ್ತರ, ನೆಲ ಮತ್ತು ಸವಕಳಿಯ ಸ್ಥಿತಿಗೆ ಮಾತ್ರ ಅನ್ವಯ. ಹತ್ತು ಲಕ್ಷ ಪಿಸ್ತೂಲುಗಳು ಜನರ ಕೈಯಲ್ಲಿವೆ, ಪ್ರತಿಯೊಂದಕ್ಕೂ ವರ್ಷಕ್ಕೆ ಲಕ್ಷದಲ್ಲಿ ಒಂದರಷ್ಟು ಅಪಾಯವಿದೆ ಎಂದು ಭಾವಿಸಿದರೆ ವರ್ಷಕ್ಕೆ ಹತ್ತು ಅಪಘಾತಗಳನ್ನು ನಿರೀಕ್ಷಿಸಬೇಕು. ಪ್ರಯೋಗಾಲಯದಲ್ಲಿ ಕೆಲವು ನೂರು ಪಿಸ್ತೂಲುಗಳನ್ನು ಪರೀಕ್ಷಿಸುವ ತಜ್ಞನಿಗೆ ಇದು ಕಣ್ಣಿಗೇ ಬೀಳದು. ಗಾಯಗೊಂಡವನಿಗೆ ಅದೇ ನೂರಕ್ಕೆ ನೂರು. ಇಬ್ಬರೂ ಪ್ರಾಮಾಣಿಕವಾಗಿಯೇ ಮಾತನಾಡುತ್ತಿದ್ದು, ಒಬ್ಬರನ್ನೊಬ್ಬರು ನಂಬದಿರುವುದು ಸಾಧ್ಯ.

ಆದ್ದರಿಂದಲೇ ಅಪರೂಪದ ಅಪಾಯಗಳನ್ನು ಪರೀಕ್ಷೆಗಳ ಎಣಿಕೆಯೊಂದರಿಂದಲೇ ಗೆಲ್ಲಲಾಗದು. ಕೋಟಿ ಬಾರಿ ಬೀಳಿಸಿ ನೋಡುವುದು ಆಗದ ಮಾತು. ಅದರ ಬದಲು, ಬೇರೆ ಬೇರೆ ಕಾರಣಗಳಿಂದ ಕೆಲಸ ಮಾಡುವ ಎರಡು ತಡೆಗಳನ್ನಿಟ್ಟರೆ, ಪ್ರತಿಯೊಂದೂ ಸಾವಿರಕ್ಕೊಮ್ಮೆ ಸೋಲುವಂತಿದ್ದರೂ, ಎರಡೂ ಒಟ್ಟಿಗೆ ಸೋಲುವುದು ಹತ್ತು ಲಕ್ಷಕ್ಕೊಮ್ಮೆ. ಈ ಗುಣಾಕಾರ ನಡೆಯುವುದು ತಡೆಗಳು ನಿಜವಾಗಿ ಸ್ವತಂತ್ರವಾಗಿದ್ದಾಗ ಮಾತ್ರ. ಒಂದೇ ಟ್ರಿಗರಿನ ಚಲನೆಗೆ ಎರಡೂ ಬಾಗಿಲು ತೆರೆದರೆ ಸಾವಿರವನ್ನು ಸಾವಿರದಿಂದ ಗುಣಿಸುವ ಹಕ್ಕು ನಮಗಿಲ್ಲ.

ಸಂಭವನೀಯತೆಯ ಪಾಠದಲ್ಲಿ ‘ಸ್ವತಂತ್ರ ಘಟನೆಗಳು’ ಎಂಬ ಪದ ಬಂದಾಗ ನಾವು ಸಾಮಾನ್ಯವಾಗಿ ಎರಡು ನಾಣ್ಯಗಳನ್ನು ಚಿಮ್ಮಿ ಮುಂದಕ್ಕೆ ಹೋಗುತ್ತೇವೆ. ಮುಂದಿನ ಬಾರಿ ಆ ಎರಡು ನಾಣ್ಯಗಳನ್ನು ಅಂಟಿಸಿ ಚಿಮ್ಮಿ, ಎರಡೂ ತಲೆ ಬೀಳುವ ಸಂಭವನೀಯತೆ ಎಷ್ಟೆಂದು ಮಕ್ಕಳನ್ನು ಕೇಳಿ. ನಾಲ್ಕರಲ್ಲೊಂದು ಇದ್ದದ್ದು ಎರಡರಲ್ಲೊಂದಾಗುವುದನ್ನು ಅವರು ತಾವೇ ಕಂಡುಕೊಳ್ಳುತ್ತಾರೆ. ಬಳಿಕ ಕುಕ್ಕರ್, ಲಿಫ್ಟ್, ವಿಮಾನ, ಪಿಸ್ತೂಲು, ಯಾವುದರ ಬಗೆಗೇ ಆಗಲಿ “ಇದಕ್ಕೆ ಎರಡು ಸುರಕ್ಷಾ ಸಾಧನಗಳಿವೆ” ಎಂದು ಯಾರಾದರೂ ಹೇಳಿದಾಗ, “ಎರಡೂ ಒಟ್ಟಿಗೆ ಕೆಡಲು ಒಂದೇ ಕಾರಣ ಸಾಕೇ?” ಎಂದು ಕೇಳುವುದನ್ನು ಅವರಿಗೆ ಹೇಳಿಕೊಡಬೇಕಾಗುವುದಿಲ್ಲ.